ಬಿತ್ತನೆಗೆಂದು ಇಟ್ಟದ್ದು

ಸೋಮವಾರ ಬೆಳಗ್ಗೆ ಎಂಟೂವರೆಗೆ
ಹಾಸನದ ಕಾಟೀಹಳ್ಳಿಯ ಕೋಲ್ಡ್ ಸ್ಟೋರೇಜಿನಲ್ಲಿ
ಕಂಪ್ಯೂಟರು ನನ್ನ ಗುರುತು ಹಿಡಿಯಲಿಲ್ಲ.
ಸಾಲಗಾಮೆ, ದುದ್ದ, ಶಾಂತಿಗ್ರಾಮ, ಕಟ್ಟಾಯ,
ಹೋಬಳಿಗೊಂದು ಫೈಲು, ನಾನೇ ಇಟ್ಟ ಹೆಸರು.
ಪ್ರತಿ ಹೆಸರಿಗೂ ರಾತ್ರೋರಾತ್ರಿ ಬಾಲ ಹುಟ್ಟಿತ್ತು,
ಓದಲಾಗದ ಐದಕ್ಷರದ ಬಾಲ.
ಜೊತೆಗೊಂದು ಚೀಟಿ, ಬಹಳ ಮರ್ಯಾದೆಯ ಇಂಗ್ಲಿಷಿನಲ್ಲಿ:
ಎಪ್ಪತ್ತೆರಡು ಗಂಟೆ. ಇಷ್ಟು ಹಣ. ಆಮೇಲೆ ಬೀಗದ ಕೈ.

ಹೆದರಲಿಲ್ಲ ನಾನು, ಸುಳ್ಳಲ್ಲ.
ಇನ್ನೊಂದು ಪ್ರತಿ ಮೇಲಿದೆಯಲ್ಲ, ಕ್ಲೌಡಿನಲ್ಲಿ?
ತಿಂಗಳ ಬಾಡಿಗೆ ಕಟ್ಟುತ್ತೇವೆ, ರಸೀತಿ ಇದೆ.
ಇಲ್ಲಿ ಒಂದು ಸಾಲು ಬರೆದರೆ ಅಲ್ಲೂ ಬರೆದುಕೊಳ್ಳುತ್ತೆ,
ಇಲ್ಲಿ ಅಳಿಸಿದರೆ ಅಲ್ಲೂ

ಅಲ್ಲೂ.
ಗೇಟಿನ ಬಳಿ ನಿಂತು ಮೊಬೈಲಿನಲ್ಲಿ ತೆರೆದೆ:
ದುದ್ದಕ್ಕೂ ಬಾಲ, ಕಟ್ಟಾಯಕ್ಕೂ ಬಾಲ.
ಎಂಥ ವಿಧೇಯತೆ! ಇರುಳೆಲ್ಲ ಎದ್ದು ಕೂತು
ಒಂದೊಂದು ಗಾಯವನ್ನೂ
ತಪ್ಪಿಲ್ಲದೆ ನಕಲು ಮಾಡಿತ್ತು.

ಆಲೂಗೆಡ್ಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.
ಅಂಗಮಾರಿ ಬಂದ ವರ್ಷ ಬದು ತಡೆದೀತೆ?
ಸಂಜೆ ಒಂದೆಲೆಯ ಅಂಚಿಗೆ ಸುಟ್ಟ ಬಣ್ಣ,
ಮೂರನೇ ಬೆಳಗ್ಗೆ ಊರಿಗೆ ಊರೇ ವಾಸನೆ.
ಗಾಳಿ ಒಂದೇ ಆದಮೇಲೆ
ಎರಡು ಹೊಲವೂ ಒಂದೇ ಹೊಲ.

ಮಾಲೀಕರು ಸುಮತಿಕುಮಾರ್ ಬಂದರು, ಕೂತರು, ಎದ್ದರು.
"ಕೊಟ್ಟುಬಿಡೋಣ್ವೇನಮ್ಮ?"
ಹೊರಗೆ ನಲವತ್ತು ಟ್ರ್ಯಾಕ್ಟರು. ಮಳೆ ಬಿದ್ದು ನೆಲ ಹದ.
ಒಳಗೆ ನಾಲ್ಕು ಡಿಗ್ರಿಯಲ್ಲಿ ಮೂಟೆ ಮೂಟೆ ಕುಫ್ರಿ ಜ್ಯೋತಿ,
ಮೈಮೇಲೆ ನಂಬರಿದೆ,
ಆ ನಂಬರು ಯಾರದೆಂದು ಹೇಳುವವರಿಲ್ಲ.
ಶನಿವಾರ ಜಲಂಧರದ ಲಾರಿ ಬಿಲ್ಲೆಂದು
ಒಂದು ಮೇಲ್ ತೆರೆದವಳು ನಾನು.
ಅದನ್ನು ಆಗ ಹೇಳಲಿಲ್ಲ. ಮಧ್ಯಾಹ್ನ ಹೇಳಿದೆ.

ರಿಪೇರಿಯ ಮೋಹಿತ ಕೇಳಿದ: "ಆ ಕಪ್ಪು ಡಿಸ್ಕು?"
ಸದಾ ಚುಚ್ಚಿಕೊಂಡೇ ಇರುತ್ತೆ ಅಂದೆ, ಹೆಮ್ಮೆಯಿಂದ.
"ಹಾಗಾದರೆ ಅದೂ ಹೋಗಿರುತ್ತೆ, ಮೇಡಂ."
ಮೇಜಿನ ಕೆಳಗೆ ಬಗ್ಗಿದೆ.
ಡಿಸ್ಕಿನ ಜಾಗದಲ್ಲಿ ಫೋನಿನ ವೈರೊಂದು ತೂಗುತ್ತಿತ್ತು.

ದ್ಯಾವಮ್ಮ ಪೊರಕೆ ಹಿಡಿದೇ ಬಂದಳು.
"ನಾನೇ ಕಿತ್ತಿದ್ದು ಕಣವ್ವ,
ಹೋದ ಗುರುವಾರದ ಹಿಂದಿನ ಗುರುವಾರ.
ನನ್ನ ಫೋನು ಸತ್ತೋಗಿತ್ತು. ಅದು ಸುಮ್ನೆ ಮಿಣಿಮಿಣಿ ಅಂತಿತ್ತು,
ಕೆಲಸಿಲ್ಲದ್ದು ಅನ್ಕಂಡೆ."
ಒರೆಸಿ, ಹಳೇ ರವಿಕೆಬಟ್ಟೆ ಸುತ್ತಿ,
ರಸೀತಿ ಪುಸ್ತಕದ ಬೀರುವಿನಲ್ಲಿಟ್ಟಿದ್ದಳು.
ಬೈಗುಳಕ್ಕೆ ಮುಖ ಸಣ್ಣ ಮಾಡಿ ನಿಂತಿದ್ದಳು.

ಮೋಹಿತ ಅದನ್ನು ನಮ್ಮ ಕಂಪ್ಯೂಟರಿನ ಹತ್ತಿರಕ್ಕೂ ಬಿಡಲಿಲ್ಲ.
ಬೇರೆಯದೇ ತಂದ, ಇಂಟರ್‌ನೆಟ್ಟಿನ ಸೋಂಕಿಲ್ಲದ್ದು,
ಬಾಣಂತಿ ಕೋಣೆಗೆ ಹೋಗುವವರ ಜೋಪಾನದಲ್ಲಿ ಜೋಡಿಸಿದ.
ಸಾಲಗಾಮೆ.
ದುದ್ದ.
ಶಾಂತಿಗ್ರಾಮ.
ಬಾಲವಿಲ್ಲದ ಹೆಸರು ಎಷ್ಟು ಚಿಕ್ಕದು!

ಉಳಿದದ್ದು ಹನ್ನೊಂದು ದಿನ.
ಅವು ಮೇಲೂ ಇಲ್ಲ, ಕೆಳಗೂ ಇಲ್ಲ.
ಹಮಾಲಿ ಬಾಬಾಜಾನನ ಬೆನ್ನನ್ನು ಕೇಳಿದೆವು.
"ಕಟ್ಟಾಯದ ಮೊಗಣ್ಣಗೌಡ್ರು ಒಯ್ದಿದ್ದು ಅರವತ್ತೆರಡು,
ಮೂರನೇ ಕೋಣೆ, ಮೇಲಿನ ಅಟ್ಟ. ಒಂದು ಮೂಟೆ ತೇವ."
ಕಣ್ಣು ಮುಚ್ಚಿ ಹೇಳುತ್ತ ಹೋದ,
ಪೆನ್ಸಿಲಿನಲ್ಲಿ ಬರೆಯುತ್ತ ಹೋದೆ.
ಎರಡು ಮೂಟೆಯ ಲೆಕ್ಕ ಇವತ್ತಿಗೂ ಕೂಡಿಲ್ಲ.
ಹಣ ಕೊಡಲಿಲ್ಲ.

ಈಗ ಡಿಸ್ಕು ಎರಡು, ವಾರ ಬಿಟ್ಟು ವಾರ.
ಒಂದು ಬೀರುವಿನಲ್ಲಿ, ಒಂದು ಮಾಲೀಕರ ಮನೆಯಲ್ಲಿ,
ಬಿತ್ತನೆಗೆಂದು ಆರಿಸಿಟ್ಟ ಗೆಡ್ಡೆಯ ಹಾಗೆ:
ಹಸಿದರೂ ಬೇಯಿಸುವಂತಿಲ್ಲ.
ದ್ಯಾವಮ್ಮನ ಫೋನಿಗೆ ಗೋಡೆಯಲ್ಲೇ ಬೇರೆ ಪ್ಲಗ್ಗು ಹಾಕಿಸಿದೆ.
ಆದರೂ ಶನಿವಾರ ಐದಕ್ಕೆ ಬಾಗಿಲಲ್ಲಿ ನಿಂತು
"ಕೀಳ್ಲಾ?" ಅನ್ನುತ್ತಾಳೆ.
ತಾಳು, ಇನ್ನೂ ತೊಂಬತ್ತಾರು.
ಇಬ್ಬರೂ ಹಸಿರು ಗೆರೆಯನ್ನೇ ನೋಡುತ್ತೇವೆ.
ಹ್ಞೂಂ, ಈಗ ಕೀಳು.